ಗಾಳೆಮ್ಮನ ಗಿರಣಿಯ ನವಣೆ ಡಬ್ಬಿ

ಗಾಳೆಮ್ಮನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಇಪ್ಪತ್ತು ವರ್ಷ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಿಂತ ಹೆಂಗಸು. ಮೋಟಾರಿನ ಗುಡುಗು, ಬೆಲ್ಟಿನ ಪಟಪಟ, ಕಲ್ಲಿನ ಗರಗರ, ಈ ಮೂರನ್ನೂ ಮೀರಿಸಿ “ಯಾರದವ್ವಾ ಈ ಬುಟ್ಟಿ?” ಎಂದು ಕೂಗಿ ಕೂಗಿ ಅವಳ ಗಂಟಲು ಆ ಎತ್ತರಕ್ಕೇ ನಿಂತುಬಿಟ್ಟಿತ್ತು. ಸತ್ತವರ ಮನೆಗೆ ಹೋದರೂ ಅದೇ ದನಿ, ತೊಟ್ಟಿಲ ಮುಂದೆ ಕೂತರೂ ಅದೇ ದನಿ. ಕೂಸು ಬೆಚ್ಚಿ ಅತ್ತರೆ, “ಗಂಟಲು ಗಟ್ಟಿ ಐತಿ, ಬದುಕ್ತತಿ ಬಿಡ್ರಿ” ಎನ್ನುವಳು.

ಇಂಥವಳ ಕೈಯಲ್ಲಿ ನಮ್ಮೂರಿನ ನಾಲ್ಕು ಮನೆಗಳ ಗುಟ್ಟು ಇತ್ತು. ಅದರಲ್ಲಿ ಒಂದು ನನ್ನದು.

ನಮ್ಮೂರು ಉಜ್ಜಿನಿಯಿಂದ ಮೂರು ಮೈಲಿ. ಕೊಟ್ಟೂರಿಗೆ ಹೋಗಬೇಕಾದರೆ ಬೆಳಗಿನ ಬಸ್ಸೊಂದು, ಅದು ತಪ್ಪಿದರೆ ಮಧ್ಯಾಹ್ನದ್ದು. ಎರಡು ಸಾವಿರದ ಮೂರನೆಯ ಇಸವಿ, ಯುಗಾದಿಗೆ ಇನ್ನೂ ಎರಡು ತಿಂಗಳಿರುವಾಗ ನನಗೆ ಕೆಮ್ಮು ಹತ್ತಿತು. ಆಗ ನನಗೆ ಐವತ್ತೆಂಟು. ಶಾಲೆಯ ಮೆಟ್ಟಿಲು ಹತ್ತಿದವನಲ್ಲ ನಾನು. ಬೆಲ್ಲ ಕಟ್ಟಿದ ಕಾಗದ, ಬಸ್ಸಿನ ಬೋರ್ಡು, ಗುಡಿಯ ಕಲ್ಲಿನ ಬರಹ ಇವನ್ನೇ ಗುರು ಮಾಡಿಕೊಂಡು ಓದು ಕಲಿತವನು. ಊರವರ ಕಾಗದಪತ್ರ ಬಂದರೆ ಓದಿ ಹೇಳಲು ಉಜ್ಜಿನಪ್ಪನೇ ಬೇಕು. ಹೀಗಾಗಿ ನನ್ನ ಕಾಯಿಲೆಗೂ ನಾನೇ ಹೆಸರಿಟ್ಟೆ: ಹೊಗೆಸೊಪ್ಪಿನ ಕೆಮ್ಮು. ಪೇಟೆಯಲ್ಲಿ ಸೂಜಿ ಚುಚ್ಚಿಸಿಕೊಂಡೆ, ಹಗುರಾಯಿತು, ಬಿಟ್ಟೆ. ತಿರುಗಿ ಬಂತು. ಮತ್ತೆ ಚುಚ್ಚಿಸಿಕೊಂಡೆ, ಮತ್ತೆ ಬಿಟ್ಟೆ. ಮೂರನೆಯ ಸಲ ಕೆಮ್ಮಿನ ಜೊತೆ ಕೆಂಪು ಬಂತು. ಆಗ ಕೊಟ್ಟೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಟ್ಟು ಬಂದೆ. ಕ್ಷಯ ಎಂದರು.

ನಮ್ಮ ಕಡೆ ಆ ಹೆಸರನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. “ಆ ಕೆಮ್ಮು” ಎನ್ನುತ್ತಿದ್ದರು. ಆ ಕೆಮ್ಮು ಬಂದ ಮನೆಗೆ ಹೆಣ್ಣು ಕೊಡರು, ಆ ಮನೆಯ ನೀರು ಕುಡಿಯರು.

ಔಷಧಕ್ಕೆ ದುಡ್ಡು ಬೇಡ, ಆದರೆ ವಾರಕ್ಕೆ ಮೂರು ಸಲ, ದಿನ ಬಿಟ್ಟು ದಿನ, ಒಬ್ಬರ ಕಣ್ಣೆದುರಿಗೇ ನುಂಗಬೇಕು ಎಂಬುದು ಹೊಸ ಕಟ್ಟಳೆ. ನಮ್ಮ ಭಾಗದ ಆರೋಗ್ಯ ಕಾರ್ಯಕರ್ತ ಅರುಣಕುಮಾರ್ ಲೂನಾ ಗಾಡಿಯಲ್ಲಿ ಹೊಲಕ್ಕೇ ಬಂದು ಇದನ್ನು ಹೇಳಿದಾಗ ನನಗೆ ಸಿಟ್ಟು ಬಂತು.

“ವಾರಕ್ಕ ಮೂರು ಸಲ ನಾ ಕೊಟ್ಟೂರಿಗೆ ಹೋದ್ರ ಈ ಹೊಲ ನೀ ಹರಗ್ತಿಯೇನಪಾ?”

“ಕೊಟ್ಟೂರಿಗ್ಯಾಕ ಅಜ್ಜಾರ? ನಿಮ್ಮ ಹೆಸರಿನ ಡಬ್ಬಿ ಊರಿಗೇ ತಂದಿಡ್ತೀನಿ. ಆರು ತಿಂಗಳ ಗುಳಿಗಿ ಅದ್ರಾಗ ಐತಿ. ನಿಮ್ದು ಮುಗಿಯೋತನಕ ಅದ್ರಾಗಿನ ಒಂದು ಗುಳಿಗಿ ಬ್ಯಾರೇರಿಗೆ ಹೋಗಂಗಿಲ್ಲ. ನೀವು ಒಂದು ಜಾಗ ಹೇಳ್ರಿ ಸಾಕು. ಅಲ್ಲಿಗೆ ಯಾರು ಹೋದ್ರೂ ಯಾಕ ಬಂದ್ರಿ ಅಂತ ಯಾರೂ ಕೇಳಬಾರದು, ಅಂಥಾ ಜಾಗ.”

ನನ್ನ ಹೆಸರಿನ ಡಬ್ಬಿ ಎಂಬ ಮಾತು ಹಿಡಿಸಿತು. ಐವತ್ತೆಂಟು ವರ್ಷದಲ್ಲಿ ಸರ್ಕಾರ ನನ್ನ ಹೆಸರು ಬರೆದು ಒಂದು ವಸ್ತು ತೆಗೆದಿಟ್ಟದ್ದು ಅದೇ ಮೊದಲು. ಜಾಗ ಯಾವುದೆಂದು ಇಡೀ ದಿನ ಯೋಚಿಸಿದೆ. ಶಾಲೆಯ ಮುಂದೆ ಅರಳಿಕಟ್ಟೆ, ಕಟ್ಟೆಯ ತುಂಬ ಜನ. ಪಂಚಾಯತಿಗೆ ಹೋದರೆ ಎರಡು ಪಾರ್ಟಿ. ಕಡೆಗೆ ಸಂಜೆ ಗಿರಣಿಯ ಸದ್ದು ಕೇಳಿಸಿತು. ಗಿರಣಿ! ಬುಟ್ಟಿ ಹೊತ್ತು ಯಾರು ಬೇಕಾದರೂ ಹೋಗಬಹುದು. ಒಳಗೆ ಏನು ಮಾತಾಡಿದರೂ ಆ ಗದ್ದಲದಲ್ಲಿ ಪಕ್ಕದವರಿಗೆ ಕೇಳಿಸದು.

ಗಾಳೆಮ್ಮನ ಗಂಡ ದುರುಗಣ್ಣ ಬೆಲ್ಟಿಗೆ ಮೇಣ ಹಚ್ಚುತ್ತಾ ನಕ್ಕ. “ಹೋಗಿ ಹೋಗಿ ಈ ಬಾಯಿಗೆ ಗುಟ್ಟು ಕೊಡ್ತೀರಲ್ರಿ ಉಜ್ಜಿನಣ್ಣಾರ. ಇಕಿ ಗುಟ್ಟು ಹೇಳಿದ್ರ ಕೊಟ್ಟೂರು ಬಸ್ ಸ್ಟ್ಯಾಂಡಿಗೆ ಕೇಳ್ತತಿ.”

“ಸುಮ್ನಿರಲೇ,” ಎಂದಳು ಗಾಳೆಮ್ಮ. ಆಮೇಲೆ ಅರುಣಕುಮಾರನತ್ತ ತಿರುಗಿ, “ನನಗ ಓದು ಬರಂಗಿಲ್ಲಪ್ಪ. ಗೀಟು ಹಾಕಾಕ ಬರ್ತತಿ. ಆದೀತೇನು?” ಎಂದು ಕೇಳಿದಳು. ಆದೀತು ಎಂದ ಅವನು. ಕಾರ್ಡಿನ ಮನೆಗಳಲ್ಲಿ ಗೀಟು ಎಳೆಯುವುದನ್ನು ಅವಳು ಒಂದೇ ಸಲಕ್ಕೆ ಕಲಿತಳು.

ಆದರೆ ಡಬ್ಬಿಯ ಮೇಲಿನ ಹೆಸರು ಓದುವುದು ಹೇಗೆ? ಹಿಟ್ಟು ಕಲಸಿ ಅಂಟು ಮಾಡಿ ನನ್ನ ಡಬ್ಬಿಯ ಮೇಲೆ ನಾಲ್ಕು ಕಾಳು ಜೋಳ ಅಂಟಿಸಿದಳು. ನಾನು ಜೋಳದ ಡಬ್ಬಿ. ಆಮೇಲೆ ಬಂದ ಜೋಗಪ್ಪ ರಾಗಿ ಡಬ್ಬಿ. ಸಜ್ಜೆ ಡಬ್ಬಿಯವರು ಈಗಲೂ ಇದ್ದಾರೆ, ಹೆಸರು ಬೇಡ. ಸೋಮವಾರ ಎತ್ತಿಗೂ ಬಿಡುವು, ಅವಳ ಗಿರಣಿಗೂ ಬಿಡುವು. ಅದಕ್ಕೆ ನಮ್ಮ ಗುಳಿಗೆಯ ದಿನಗಳು ಮಂಗಳವಾರ, ಗುರುವಾರ, ಶನಿವಾರ ಎಂದಾದವು.

ಮೊದಲ ದಿನ ಏಳು ಗುಳಿಗೆ ಅಂಗೈಯಲ್ಲಿ ಹಿಡಿದು ನಾನು, “ಮನಿಗೆ ಹೋಗಿ ನುಂಗ್ತೀನಿ. ನಾನೇನು ಕೂಸಲ್ಲ” ಎಂದೆ. ಗಾಳೆಮ್ಮ ನನ್ನ ಹಿಟ್ಟಿನ ಬುಟ್ಟಿ ಎತ್ತಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು.

“ನುಂಗು, ಹಿಟ್ಟು ಒಯ್ಯಿ.”

“ನನ್ನ ಜೋಳ ಅದು!”

“ಜೋಳ ನಿಂದಪ್ಪ. ಹಿಟ್ಟು ಮಾಡಿದಾಕಿ ನಾನು. ಹೂಂ, ಬಾಯಿ ತೆಗಿ. ನಾಲಿಗಿ ಎತ್ತು.”

ನನಗೆ ನಾಲಿಗೆ ಎತ್ತು ಎಂದವರು ಹುಟ್ಟಿದಾಗಿನಿಂದ ಯಾರೂ ಇರಲಿಲ್ಲ. ಎತ್ತಿದೆ. ಎರಡು ದಿನಕ್ಕೆ ಮೂತ್ರ ಕೆಂಪಗೆ ಹೋಗತೊಡಗಿ ಜೀವ ಬಾಯಿಗೆ ಬಂತು. ಗಿರಣಿಗೆ ಓಡಿ ಅವಳ ಕಿವಿಯಲ್ಲಿ ಹೇಳಿದೆ. “ಉಚ್ಚಿ ಕೆಂಪಾತೇನು? ಔಷಧದ ಬಣ್ಣ ಅದು, ಅಂಜಬ್ಯಾಡ ಅಂತ ಅರುಣ ಹೇಳ್ಯಾನ!” ಎಂದು ಕೂಗಿದಳು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಪಕ್ಕದಲ್ಲಿದ್ದ ಹೆಂಗಸರು ಯಾರೂ ಇತ್ತ ನೋಡಿರಲಿಲ್ಲ. ಗಿರಣಿ ಎಲ್ಲವನ್ನೂ ನುಂಗಿಕೊಂಡಿತ್ತು.

ಎರಡು ತಿಂಗಳಿಗೆ ನನ್ನ ಮೈಯಲ್ಲಿ ಮಾಂಸ ಕಂಡಿತು. ಆಮೇಲೆ ವಾರಕ್ಕೊಮ್ಮೆ ಬಂದು ಅವಳೆದುರು ನುಂಗಿ, ಉಳಿದೆರಡು ಸಲದ್ದನ್ನು ಮನೆಗೆ ಒಯ್ದರೆ ಸಾಕಾಗಿತ್ತು. ಜೋಗಪ್ಪನಿಗೂ ಹಗುರಾಯಿತು. ಹಗುರಾದ ಕೂಡಲೇ ಅವನು ಸಂಡೂರಿನ ಕಡೆ ಅದಿರಿನ ಲಾರಿಗೆ ಹೋಗಿಬಿಟ್ಟ. ರಾಗಿ ಡಬ್ಬಿ ಅರ್ಧಕ್ಕೆ ನಿಂತಿತು. ಗಾಳೆಮ್ಮ ಹೋಗುವ ಬರುವ ಲಾರಿಯವರಿಗೆಲ್ಲ ಹೇಳಿ ಕಳಿಸಿದಳು. ಆಷಾಢದಲ್ಲಿ ಅವನು ತೀರಿಹೋದ ಸುದ್ದಿ ಬಂತು. ಅವತ್ತು ಅವಳು ಗಿರಣಿ ಹಚ್ಚಲಿಲ್ಲ. ರಾಗಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, “ಇದ್ರಾಗ ಇತ್ತಲ್ಲೋ ಉಜ್ಜಿನಣ್ಣ ಅವನ ಜೀವ, ಇಲ್ಲೇ ಇತ್ತು” ಎಂದಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅದೇ ಆಷಾಢದಲ್ಲಿ ನವಣೆ ಡಬ್ಬಿ ಬಂತು.

ಅದು ಪುಷ್ಪಲತಾಳದು. ಹಲವಾಗಲಿನ ಹೊಳೆದಂಡೆಯ ಹುಡುಗಿ, ನಮ್ಮೂರಿನ ನಾಗಲಿಂಗಮ್ಮನ ಸೊಸೆ. ವಯಸ್ಸು ಇಪ್ಪತ್ತಮೂರು, ಮೂರು ವರ್ಷದ ಮಗಳಿದ್ದಳು, ಶಾಂಭವಿ. ಗಂಡ ಸೋಮಶೇಖರ್ ಹರಪನಹಳ್ಳಿಯ ಕಾಳಿನ ಅಂಗಡಿಯಲ್ಲಿ ಗುಮಾಸ್ತ, ವಾರಕ್ಕೊಮ್ಮೆ ಬರುವವನು. ಅವನೇ ಅವಳನ್ನು ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದ್ದ. ತಾಯಿಗೆ ಮಾತ್ರ ಹೇಳಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಮೂವತ್ತು ವರ್ಷದ ಹಿಂದೆ ಆ ಮನೆಯ ಮಗಳೊಬ್ಬಳಿಗೆ, ಅಂದರೆ ನಾಗಲಿಂಗಮ್ಮನ ನಾದಿನಿಗೆ, ಇದೇ ಕಾಯಿಲೆ ಬಂದಾಗ ಹಿತ್ತಲಲ್ಲಿ ಗುಡಿಸಲು ಹಾಕಿ ಇರಿಸಿದ್ದರು. ಆಕೆ ಅಲ್ಲೇ ತೀರಿಕೊಂಡಿದ್ದಳು.

“ನನ್ನ ತವರಿಗೆ ಕಳಿಸ್ತಾರ ಅಕ್ಕ, ಕೂಸನ್ನ ಇಟ್ಕೊಂತಾರ,” ಎಂದು ಪುಷ್ಪಲತಾ ಗಾಳೆಮ್ಮನ ಕೈ ಹಿಡಿದು ಅತ್ತಳಂತೆ. ಅರುಣಕುಮಾರ್ ಲೂನಾ ತಂದು ಆ ಮನೆಯ ಮುಂದೆ ನಿಲ್ಲಿಸುವಂತಿಲ್ಲ. ಮನೆಯ ಕೂಸನ್ನೂ ಒಮ್ಮೆ ಡಾಕ್ಟರಿಗೆ ತೋರಿಸಬೇಕು ಎಂದು ಅವನು ಹೇಳುತ್ತಲೇ ಇದ್ದ. ಅದಕ್ಕೂ ದಾರಿಯಿರಲಿಲ್ಲ.

ಆದರೂ ಹುಡುಗಿ ಒಂದು ದಿನ ತಪ್ಪಿಸಲಿಲ್ಲ. ವಾರಕ್ಕೆ ಮೂರು ಸಲ ಎರಡೆರಡು ಸೇರು ಜೋಳ ಹೊತ್ತು ಬರುತ್ತಿದ್ದಳು. ಬಿಸಿ ಹಿಟ್ಟಿನ ರೊಟ್ಟಿ ಮೆತ್ತಗಾಗುತ್ತದೆ ಎಂದು ಅತ್ತೆಗೆ ಹೇಳಿದ್ದಳು. ನಾಗಲಿಂಗಮ್ಮ ಇದನ್ನೇ ದೊಡ್ಡದು ಮಾಡಿ, “ನನ್ನ ಸೊಸಿ ಹಳೇ ಹಿಟ್ಟು ಮುಟ್ಟಂಗಿಲ್ಲವ್ವ” ಎಂದು ಓಣಿಯ ತುಂಬ ಹೇಳಿಕೊಂಡು ತಿರುಗಿದಳು.

ಪಂಚಮಿ ಬಂತು. ಶನಿವಾರ ಹಬ್ಬ. ಅದರ ಹಿಂದಿನ ಗುರುವಾರವೆಂದರೆ ಗಿರಣಿಗೆ ಉಸಿರಾಡಲು ಬಿಡುವಿಲ್ಲ. ಮನೆಮನೆಗೂ ಹಂಚುವಷ್ಟು ರೊಟ್ಟಿ ಬಡಿಯಬೇಕು. ಸಜ್ಜೆ, ಜೋಳದ ಬುಟ್ಟಿಗಳು ಬಾಗಿಲಾಚೆಯವರೆಗೆ ಸಾಲು ನಿಂತಿದ್ದವು. ಹದಿನೈದು ಹೆಂಗಸರು. ಮುಂದೆಯೇ ಕರಿಯಕ್ಕ ಇದ್ದಳು. ಈ ಓಣಿಯ ಸುದ್ದಿಯನ್ನು ಆ ಓಣಿಗೆ ಮುಟ್ಟಿಸದಿದ್ದರೆ ಉಂಡದ್ದು ಅರಗದು ಅವಳಿಗೆ. ನಾನೂ ನನ್ನ ಬುಟ್ಟಿ ಇಟ್ಟುಕೊಂಡು ಮೂಲೆಯಲ್ಲಿ ಕೂತಿದ್ದೆ. ಪುಷ್ಪಲತಾ ಹಿಂದಿನ ಬಾಗಿಲಿಂದ ಬಂದು ಮೋಟಾರಿನ ಕೋಣೆಯಲ್ಲಿ ಇದ್ದಳು. ಅದು ಹೊರಗಿನವರ ಕಣ್ಣಿಗೆ ಬೀಳದ ಜಾಗ. ಗಾಳೆಮ್ಮ ಕೋಣೆಯ ಬಾಗಿಲಲ್ಲಿ ನವಣೆ ಡಬ್ಬಿ ಹಿಡಿದು ನಿಂತಿದ್ದಳು.

ಆ ದಿನ ಹುಡುಗಿಗೆ ಹೊಟ್ಟೆ ತೊಳಸುತ್ತಿತ್ತಂತೆ. ನಾಲ್ಕು ನುಂಗಿ ಮೂರು ಉಳಿಸಿಕೊಂಡಿದ್ದಳು. ಗಾಳೆಮ್ಮ ಗದರಿದಳು. ಗಿರಣಿಯ ಸದ್ದು ಮೀರುವಂತೆ, ಎಂದಿನಂತೆ, ಇಡೀ ಎದೆಯಿಂದ ಕೂಗಿದಳು.

ಅಷ್ಟರಲ್ಲಿ ಕರೆಂಟು ಹೋಯಿತು.

ಮೋಟಾರು ನಿಂತಿತು. ಬೆಲ್ಟು ನಿಂತಿತು. ಕಲ್ಲು ಎರಡು ಸುತ್ತು ತಿರುಗಿ ನಿಂತಿತು. ನಿಲ್ಲದೆ ಉಳಿದದ್ದು ಗಾಳೆಮ್ಮನ ದನಿ ಒಂದೇ:

“...ಕ್ಷಯದ ಗುಳಿಗಿ ಅವು, ಏಳೂ ನುಂಗಬೇಕು! ರಕ್ತ ಕಾರಿದ್ದು ಮರ್ತೇನು?”

ಗಿರಣಿಯಲ್ಲಿ ಹಿಟ್ಟಿನ ಧೂಳು ಇಳಿಯುವ ಸದ್ದೂ ಕೇಳಿಸುವಂತಾಯಿತು. ಹದಿನೈದು ತಲೆಗಳು ಒಮ್ಮೆಗೇ ತಿರುಗಿದವು.

ಕರಿಯಕ್ಕ ಮೊದಲು ಬಾಯಿಬಿಟ್ಟಳು. “ಯಾರಿಗೆ ಹೇಳಿದ್ದವ್ವ ಗಾಳೆವ್ವ? ಒಳಗ ಯಾರದಾರ?”

ಗಾಳೆಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವಳ ಕಣ್ಣು ಒಂದು ಗಳಿಗೆ ನನ್ನ ಮೇಲೆ ಬಂತು. ಅದೇನೂ ಕೇಳುವ ನೋಟವಲ್ಲ, ಸುಮ್ಮನೆ ಬಂದು ಹೋಯಿತು. ‘ಅವು ನನ್ನ ಗುಳಿಗೆ’ ಎಂದು ನಾನು ಒಂದು ಮಾತು ಹೇಳಬಹುದಿತ್ತು. ಪೂರಾ ಸುಳ್ಳೂ ಆಗುತ್ತಿರಲಿಲ್ಲ, ನನ್ನ ಡಬ್ಬಿಯೂ ಅಲ್ಲೇ ಗೋಡೆಯ ಗೂಡಿನಲ್ಲಿತ್ತು. ಆದರೆ ನಾನು ಊರಿಗೆ ಕಾಗದ ಓದುವ ಉಜ್ಜಿನಪ್ಪ. ನಾಲಿಗೆ ಏಳಲಿಲ್ಲ.

“ಒಳಗ ಯಾರಿಲ್ಲವ್ವ,” ಎಂದಳು ಗಾಳೆಮ್ಮ. “ನನಗ ನಾನೇ ಹೇಳ್ಕೊಂಡೆ. ಆ ಕೆಮ್ಮು ನನಗೈತಿ.”

ಕರೆಂಟು ಬರುವುದನ್ನು ಯಾರೂ ಕಾಯಲಿಲ್ಲ. ಬುಟ್ಟಿಗಳು ಒಂದೊಂದಾಗಿ ಎದ್ದವು. ಅರ್ಧ ಬೀಸಿದ್ದನ್ನೂ ಬಳಿದುಕೊಂಡು ಹೋದರು. ಸಂಜೆಯೊಳಗೆ ಊರಿನ ಸಜ್ಜೆ, ಜೋಳವೆಲ್ಲ ಉಜ್ಜಿನಿಯ ಗಿರಣಿಯತ್ತ ನಡೆಯಿತು.

ಶನಿವಾರ ಪಂಚಮಿ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿ ಹುಡುಗಿಯರು ಜೀಕುತ್ತಿದ್ದರು. ಗಾಳೆಮ್ಮ ಮುಚ್ಚಿದ ಗಿರಣಿಯ ಮೆಟ್ಟಿಲ ಮೇಲೆ ಸೆರಗಿನಲ್ಲಿ ನವಣೆ ಡಬ್ಬಿ ಮುಚ್ಚಿಟ್ಟುಕೊಂಡು ಹೊತ್ತು ಮುಳುಗುವವರೆಗೆ ಕೂತಿದ್ದಳು. ಪುಷ್ಪಲತಾ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಆ ಸಂಜೆ ಗಾಳೆಮ್ಮನೇ ಅವರ ಮನೆಗೆ ಹೋದಳು. ನಾಗಲಿಂಗಮ್ಮ ಹೊಸ್ತಿಲಲ್ಲೇ ನಿಂತು, “ಬ್ಯಾಸರ ಮಾಡ್ಕೊಬ್ಯಾಡವ್ವ, ಒಳಗ ಕೂಸೈತಿ” ಎಂದಳಂತೆ. ಸೊಸೆಗೆ ಆ ಗಿರಣಿಯ ಕಡೆ ಕಾಲಿಡಬೇಡ ಎಂದು ಅಪ್ಪಣೆಯಾಗಿತ್ತು. ಹುಡುಗಿಯ ಮಾನ ಉಳಿಸಲು ಹೇಳಿದ ಸುಳ್ಳೇ ಅವಳ ಔಷಧಕ್ಕೆ ಅಡ್ಡ ಬಂದಿತ್ತು.

ಬುಧವಾರ ಬೆಳಿಗ್ಗೆ ಗಾಳೆಮ್ಮ ನನ್ನ ಅಂಗಳದಲ್ಲಿ ನಿಂತಿದ್ದಳು. ಕೈಯಲ್ಲಿ ಎರಡು ಡಬ್ಬಿ. ಒಂದರ ಮೇಲೆ ನವಣೆ, ಒಂದರ ಮೇಲೆ ರಾಗಿ.

“ಎರಡು ಸಲ ತಪ್ಪೇತಿ ಉಜ್ಜಿನಣ್ಣ,” ಎಂದಳು. “ನಾಳಿಗೂ ತಪ್ಪಿದ್ರ ಮೂರು. ಹಿಂಗ ಬಿಟ್ಟುಬಿಟ್ರ ರೋಗ ಗಟ್ಟಿ ಆಗಿ ಎದ್ದು ಬರ್ತತಂತ, ಆಮ್ಯಾಲ ಈ ಗುಳಿಗಿಗೆ ಬಗ್ಗಂಗಿಲ್ಲಂತ. ಜೋಗಪ್ಪಂದು ಹಿಂಗ ಸುರು ಆತು. ನನ್ನ ಅವರು ಒಳಗ ಬಿಡಂಗಿಲ್ಲ. ನೀ ಹಿರ್ಯಾ. ನೀ ಹೋದ್ರ ಬಿಡ್ತಾರ.”

“ಗಿರಣಿ ಹೆಂಗೈತಿ?” ಎಂದೆ, ಅವಳ ಮುಖ ನೋಡಲಾಗದೆ.

“ಗಿರಣಿಗೇನಾಗೇತಿ? ನಿಂತೈತಿ. ಕಬ್ಬಿಣ ಅದು, ನಿಂತ್ರ ಸಾಯಂಗಿಲ್ಲ.”

ಅವಳು ಅವತ್ತಿನ ಮಾತು ಎತ್ತಲೇ ಇಲ್ಲ. ಎತ್ತಿ ನನ್ನನ್ನು ನಾಲ್ಕು ಬೈದಿದ್ದರೆ ನಾನೂ ನಾಲ್ಕು ಬೈದು ಮನೆಯಲ್ಲೇ ಉಳಿಯುತ್ತಿದ್ದೆನೋ ಏನೋ. ಬೈಯದಿದ್ದದ್ದಕ್ಕೆ ಎದ್ದೆ. ಹೆಗಲಿಗೆ ಟವೆಲ್ಲು ಹಾಕಿದೆ. ಆಸ್ಪತ್ರೆಯವರು ಕೊಟ್ಟಿದ್ದ ನನ್ನ ಕಾರ್ಡನ್ನು ಜೇಬಿನಲ್ಲಿ ಇಟ್ಟುಕೊಂಡೆ.

ನಾಗಲಿಂಗಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದಳು. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಆಗಾಗ ನಿಲ್ಲುತ್ತಿತ್ತು, ನಡುವೆ ಕೆಮ್ಮು ಅದುಮಿದ ಸದ್ದು.

“ಪಾಪ, ಗಾಳೆವ್ವಗ ಹಿಂಗಾಗಬಾರದಿತ್ತು,” ಎಂದಳು ನಾಗಲಿಂಗಮ್ಮ.

“ಗಾಳೆವ್ವಗ ಏನೂ ಆಗಿಲ್ಲವ್ವ. ಆ ಕೆಮ್ಮು ಅಕಿಗಿಲ್ಲ. ನನಗೈತಿ.” ಕಾರ್ಡು ತೆಗೆದು ಕಂಬಳಿಯ ಮೇಲಿಟ್ಟೆ. “ಅವತ್ತು ಅಕಿ ನುಂಗು ಅಂದಿದ್ದು ನನಗ. ನಾನು ಬಾಯಿ ಮುಚ್ಕೊಂಡು ಕುಂತೆ, ಅಕಿ ತನ್ನ ತಲಿ ಮ್ಯಾಲ ಹಾಕ್ಕೊಂಡ್ಳು.”

ಅವಳು ಅರೆಗಳಿಗೆ ನನ್ನನ್ನೇ ನೋಡಿದಳು. “ಬಸವ ಜಯಂತಿಗೆ ಇದೇ ಪಡಸಾಲಿಯಾಗ ಕುಂತು ಹೋಳಿಗಿ ಉಂಡಿಯಲ್ಲೋ!”

“ಉಂಡೆ. ಗುಳಿಗಿ ಸುರು ಮಾಡಿ ಒಂದೂವರಿ ತಿಂಗಳಾಗಿತ್ತು ಆಗ. ಯಾರಿಗಾರ ಏನಾರ ಆತೇನು? ನಾನ ಸಾಯೋ ಹಂಗಿದ್ದೆ, ಈಗ ನೋಡು, ಅಂಗಿ ಗುಂಡಿ ಹತ್ತಂಗಿಲ್ಲ.”

ರೊಟ್ಟಿ ಬಡಿಯುವ ಸದ್ದು ಪೂರಾ ನಿಂತಿತ್ತು. ಪುಷ್ಪಲತಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ಅಜ್ಜಾರಂದೂ ಸುಳ್ಳು ಅತ್ತಿ,” ಎಂದಳು. “ಆ ಗುಳಿಗಿ ನನ್ನವು. ಒಳಗಿದ್ದಾಕಿ ನಾನು. ನನ್ನ ಸಲುವಾಗಿ ಇನ್ನೆಷ್ಟು ಮಂದಿ ತಮ್ಮ ಮ್ಯಾಲ ಹಾಕ್ಕೊಬೇಕು? ನನ್ನ ಗುಡಿಸಲಾಗ ಇಡತೀರೋ, ಹಲವಾಗಲಿಗೆ ಕಳಸ್ತೀರೋ, ಏನಾರ ಮಾಡ್ರಿ. ಕೂಸಿಗೆ ಮಾತ್ರ ಡಾಕ್ಟರಿಗೆ ತೋರಸ್ರಿ.”

ನಾಗಲಿಂಗಮ್ಮನ ನೋಟ ಹಿತ್ತಲಿನತ್ತ ಹೋಯಿತು. ಅಲ್ಲಿ ಗುಡಿಸಲು ಇದ್ದ ಜಾಗದಲ್ಲಿ ಈಗ ನುಗ್ಗೆಮರ ಇತ್ತು.

“ನನ್ನ ನಾದಿನಿಗೆ ದಿನಾ ತಾಟು ಒಯ್ದು ದೂರ ಇಟ್ಟು ಬರ್ತಿದ್ದಾಕಿ ನಾನ,” ಎಂದಳು ಕಡೆಗೆ. “ಹೊಸಾ ಸೊಸಿ ನಾನು ಆಗ. ವೈನೀ, ಒಂದೀಟು ಕುಂದರು ಅನ್ನಾಕಿ. ಕುಂದರಲಿಲ್ಲ. ಅಂಜಿಕಿ. ಆಗ ಈ ಗುಳಿಗಿ ಇರಲಿಲ್ಲಲ್ಲೋ ಉಜ್ಜಿನಪ್ಪ. ಇದ್ದಿದ್ರ...” ಮಾತು ಅಲ್ಲಿಗೇ ಬಿಟ್ಟು ಸೆರಗಿನಿಂದ ಮೂಗು ಒರೆಸಿಕೊಂಡು ಸೊಸೆಯತ್ತ ತಿರುಗಿದಳು. ದನಿಯಲ್ಲಿ ಎಂದಿನ ಅತ್ತೆ ಬಂದಿದ್ದಳು.

“ಇನ್ನ ಎಷ್ಟು ತಿಂಗಳ ಗುಳಿಗಿ ಐತಿ?”

“ಐದು.”

“ಹಂಗಾರ ದೊಡ್ಡ ಬುಟ್ಟಿ ತಗಿ. ಜೋಳ ತುಂಬು.”

ನಾವು ಮೂವರೂ ಊರ ನಡುವಿನ ಬೀದಿಯಲ್ಲೇ ನಡೆದೆವು. ಬುಟ್ಟಿ ನಾಗಲಿಂಗಮ್ಮನ ತಲೆಯ ಮೇಲಿತ್ತು, ಮೊಮ್ಮಗಳು ಅವಳ ಬೆರಳು ಹಿಡಿದಿದ್ದಳು. ಕರಿಯಕ್ಕ ಕಟ್ಟೆಯಿಂದ ಇಳಿದು ಬಂದು, “ಅಯ್ಯ, ಆ ಗಿರಣಿಗೇನವ್ವ ಹೊಂಟಿದ್ದು?” ಎಂದಳು.

“ಹೂಂ. ನನ್ನ ಸೊಸಿಗೆ ಕ್ಷಯ ಆಗೇತಿ. ಗುಳಿಗಿ ನುಂಗ್ಸಾಕ ಹೊಂಟೀನಿ. ಗಾಳೆವ್ವಗ ಏನೂ ಇಲ್ಲ, ಈ ಮುದುಕಪ್ಪಗ ಇತ್ತಂತ, ಈಗ ಹೆಂಗದಾನ ನೋಡು. ಎಲ್ಲಾ ಓಣಿಗೂ ನೀನ ಹೇಳಿ ಬಾ, ಒಂದು ಮನಿ ಬಿಡಬ್ಯಾಡ.”

ಕರಿಯಕ್ಕ ಒಂದು ಮನೆಯನ್ನೂ ಬಿಡಲಿಲ್ಲ. ಅವಳ ನಾಲಿಗೆಯಿಂದ ಊರಿಗೆ ಉಪಕಾರವಾದದ್ದು ಅದೊಂದು ಸಲ.

ಗಿರಣಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ನಾಗಲಿಂಗಮ್ಮ ಬುಟ್ಟಿ ಇಳಿಸಿದಳು. “ಬೀಸವ್ವ. ಪೂರಾ ತಿಂಗಳದ್ದು ಐತಿ. ಇನ್ನ ವಾರಕ್ಕ ಮೂರು ಸಲ ಎರಡೆರಡು ಸೇರು ತರಾದು ಬ್ಯಾಡ. ಗುಳಿಗಿ ನುಂಗಾಕ ಬರ್ತಾಳ ನನ್ನ ಸೊಸಿ, ಬರಿಗೈಲೇ ಬರ್ತಾಳ. ನೀ ಡಬ್ಬಿ ತಗಿ, ನಿನ್ನಿ ತಪ್ಪಿದ್ದು ಇವತ್ತ ನನ್ನ ಮುಂದ ನುಂಗ್ಸು.”

ಗಾಳೆಮ್ಮ ಗೂಡಿನಿಂದ ಡಬ್ಬಿ ತೆಗೆದು ಏಳು ಗುಳಿಗೆ ಹುಡುಗಿಯ ಕೈಗಿಟ್ಟಳು. ಅತ್ತೆಯೇ ಚೊಂಬಿನ ನೀರು ಹಿಡಿದು ನಿಂತಳು. ಏಳೂ ಇಳಿದವು. ಗಾಳೆಮ್ಮ “ನಾಲಿಗಿ ಎತ್ತು” ಎನ್ನುವ ಮೊದಲೇ ನಾಗಲಿಂಗಮ್ಮ ಬಗ್ಗಿ ಸೊಸೆಯ ಬಾಯೊಳಗೆ ನೋಡಿದಳು. ದುರುಗಣ್ಣ ಸ್ವಿಚ್ಚು ಒತ್ತಿದ. ಕಲ್ಲು ತಿರುಗಿತು.

ಮರುದಿನವೇ ಅರುಣಕುಮಾರ್ ಲೂನಾ ತಂದು ನಾಗಲಿಂಗಮ್ಮನ ಬಾಗಿಲಲ್ಲೇ ನಿಲ್ಲಿಸಿದ. ಪುಟ್ಟ ಶಾಂಭವಿಯನ್ನು ಕೊಟ್ಟೂರಿಗೆ ಕರೆದೊಯ್ದು ತೋರಿಸಿದರು. ಕಾಯಿಲೆ ಇರಲಿಲ್ಲ, ತಡೆಗೆಂದು ಕೂಸಿಗೂ ಗುಳಿಗೆ ಕೊಟ್ಟರು. ತಪ್ಪಿದ ಎರಡು ಸಲದ್ದನ್ನು ಸೇರಿಸಿ ಪುಷ್ಪಲತಾಳ ಡಬ್ಬಿ ಚಳಿಗಾಲದ ಕೊನೆಗೆ ಮುಗಿಯಿತು. ಕಫದಲ್ಲಿ ಏನೂ ಕಾಣಲಿಲ್ಲ.

ಊರಿನ ಬುಟ್ಟಿಗಳು ಉಜ್ಜಿನಿಯ ದಾರಿ ಬಿಟ್ಟು ಹಿಂತಿರುಗಲು ಮಾತ್ರ ದೀಪಾವಳಿಯವರೆಗೆ ಹಿಡಿಯಿತು. ಕೆಲವು ಬರಲೇ ಇಲ್ಲ. ಗಾಳೆಮ್ಮ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳ ಗೂಡಿನಲ್ಲಿ ಆಮೇಲೆ ಎಂಟು ವರ್ಷದಲ್ಲಿ ಹನ್ನೊಂದು ಡಬ್ಬಿಗಳು ಬಂದು ಹೋದವು. ಕಾಳು ಸಾಲದೆ ಹುರುಳಿ, ಅಲಸಂದೆ, ಔಡಲದವರೆಗೂ ಹೋದಳು. ರಾಗಿಯನ್ನು ಮಾತ್ರ ಮತ್ತೆ ಯಾರಿಗೂ ಅಂಟಿಸಲಿಲ್ಲ.

ಊರಿಗೆ ಆಸ್ಪತ್ರೆ ಬರಬೇಕು, ಡಾಕ್ಟರು ಬರಬೇಕು ಎಂದು ನಾನೇ ಎಷ್ಟೋ ಅರ್ಜಿ ಬರೆದುಕೊಟ್ಟಿದ್ದೇನೆ. ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಬರೆದ ಯಾವ ಅರ್ಜಿಯಲ್ಲೂ ಒಂದು ಮಾತು ಇರಲಿಲ್ಲ: ಒಬ್ಬ ರೋಗಿ ಒಂದು ದಿನ ತಪ್ಪಿಸಿದರೆ ಮುಚ್ಚಿದ ಬಾಗಿಲ ಮುಂದೆ ಹೊತ್ತು ಮುಳುಗುವವರೆಗೆ ಕಾಯುವ ಒಬ್ಬರು ಬೇಕು ಎಂದು. ಅದನ್ನು ಯಾವ ಇಲಾಖೆಗೆ ಬರೆಯಬೇಕೋ ನನಗೆ ಈಗಲೂ ತಿಳಿಯದು.

ಮುಂದಿನ ಪಂಚಮಿಯ ಗುರುವಾರವೂ ಗಿರಣಿ ತುಂಬಿತ್ತು, ಕರೆಂಟೂ ತಪ್ಪದೆ ಹೋಯಿತು. ಮೋಟಾರು ನಿಂತ ಮೌನದಲ್ಲಿ ಗಾಳೆಮ್ಮನ ದನಿ ಅರಳಿಕಟ್ಟೆಯವರೆಗೆ ಕೇಳಿಸಿತು: “ಎಲ್ಲದಾನ ಹುರುಳಿ ಡಬ್ಬಿ? ಗುಳಿಗಿ ನುಂಗಿ ಹೋಗು ಬಾರಲೇ, ಹೊತ್ತಾತು!”

ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರು ತಲೆ ಎತ್ತಲಿಲ್ಲ. ಕರಿಯಕ್ಕ ಮಾತ್ರ ಎದ್ದು ಬಾಗಿಲಿಗೆ ಹೋಗಿ ಬೀದಿಯತ್ತ ಕೈ ಬೀಸಿ, “ಲೇ, ನಿನ್ನ ಕರಿಯಾಕತ್ಯಾಳ, ಲಗೂ ಬಾ” ಎಂದು ಕೂಗಿ ಬಂದು ತನ್ನ ಪಾಳಿಯ ಜಾಗದಲ್ಲಿ ಕೂತಳು.